ಗೆಳೆಯರ ಗುಂಪಿನೊಂದಿಗೆ ಪ್ರಾಗ್: ಶನಿವಾರ ಕೋಟೆ, ಭಾನುವಾರ ಹಳೇ ಪೇಟೆ

ಪ್ರಾಗ್‌ಗೆ (ಚೆಕ್ ದೇಶದ ರಾಜಧಾನಿ) ವಾರಾಂತ್ಯಕ್ಕೆ ಹೊರಟವರು ರೈಲು, ರೂಮು ಹುಡುಕುವುದಕ್ಕೂ ಮೊದಲು ಎರಡು ಬಾಗಿಲುಗಳ ವಿಷಯ ತಿಳಿದುಕೊಳ್ಳಬೇಕು. ಯೋಸೆಫೊವ್ ಎಂಬ ಹಳೆಯ ಯಹೂದಿ ಕೇರಿಯ ಮ್ಯೂಸಿಯಂ ಮತ್ತು ಅದಕ್ಕೆ ಸೇರಿದ ಸಿನಗಾಗ್‌ಗಳು (ಯಹೂದಿಯರ ಪ್ರಾರ್ಥನಾ ಮಂದಿರಗಳು), ಸ್ಮಶಾನ ಶನಿವಾರ ತೆರೆಯುವುದಿಲ್ಲ. ಅವತ್ತು ಯಹೂದಿಯರ ಸಬ್ಬತ್, ವಾರದ ವಿಶ್ರಾಂತಿಯ ದಿನ. ಇನ್ನು ಕೋಟೆಯೊಳಗಿನ ಸೇಂಟ್ ವೀಟಸ್ ಕೆಥೆಡ್ರಲ್‌ನಲ್ಲಿ ಭಾನುವಾರ ಬೆಳಗ್ಗೆ ಬಲಿಪೂಜೆ ಇರುವುದರಿಂದ ಪ್ರವಾಸಿಗರನ್ನು ಮಧ್ಯಾಹ್ನ 12ರ ಮೇಲೆಯೇ ಒಳಗೆ ಬಿಡುವುದು. ಹೆಚ್ಚಿನ ಗುಂಪುಗಳು ಮಾಡುವುದು ಇದರ ತದ್ವಿರುದ್ಧ. ರೂಮು ಹತ್ತಿರವಿದೆ ಎಂದು ಶನಿವಾರ ಹಳೇ ಪೇಟೆ ಸುತ್ತುತ್ತಾರೆ, ಭಾನುವಾರ ಬೆಳಗ್ಗೆ ಕೋಟೆ ಹತ್ತುತ್ತಾರೆ, ಎರಡೂ ಕಡೆ ಮುಚ್ಚಿದ ಬಾಗಿಲಿನ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಆದ್ದರಿಂದ ಶನಿವಾರ ಕೋಟೆ, ಭಾನುವಾರ ಯೋಸೆಫೊವ್. ಉಳಿದ ಯೋಜನೆಯೆಲ್ಲ ಇದರ ಸುತ್ತ ತಾನೇ ಕೂಡಿಕೊಳ್ಳುತ್ತದೆ.

ಈ ಬರಹ ಮುಖ್ಯವಾಗಿ ಜರ್ಮನಿ, ಆಸ್ಟ್ರಿಯಾ ಕಡೆ ಕೆಲಸಕ್ಕೋ ಓದಿಗೋ ಬಂದು ನೆಲೆಸಿರುವ ನಮ್ಮವರಿಗೆ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಹೊರಟು ಭಾನುವಾರ ರಾತ್ರಿ ಮನೆ ಸೇರುವ ಲೆಕ್ಕದಲ್ಲಿ ಬರೆದಿದ್ದೇನೆ. ಊರಿಂದ ಬಂದ ಅಪ್ಪ, ಅಮ್ಮ ಜೊತೆಗಿದ್ದರೆ ಇದೇ ದಾರಿಯನ್ನು ಅರ್ಧಕ್ಕೆ ಇಳಿಸಿಕೊಳ್ಳಿ; ಪ್ರಾಗ್‌ನ ಕಲ್ಲುಹಾಸು ಮಂಡಿನೋವಿನವರಿಗೆ ಹೇಳಿಸಿದ್ದಲ್ಲ.

ಮೊದಲು ಕಾಗದಪತ್ರ

ಗುಂಪಿನ ವಾಟ್ಸಾಪ್‌ನಲ್ಲಿ "ಯಾರ್‍ಯಾರು ಬರ್ತೀರಿ" ಎಂದು ಕೇಳಿದ ಕೂಡಲೇ ಕೇಳಬೇಕಾದ ಎರಡನೇ ಪ್ರಶ್ನೆ, ಯಾರ ಹತ್ತಿರ ಯಾವ ವೀಸಾ ಇದೆ ಎಂಬುದು. ಚೆಕ್ ದೇಶ 2007ರಿಂದ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಕೂಟದಲ್ಲಿ. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಅಥವಾ ಬ್ಲೂ ಕಾರ್ಡ್ ಇದ್ದವರಿಗೆ ಬೇರೆ ವೀಸಾ ಬೇಡ. ಆದರೆ ಲಂಡನ್ನಿನಿಂದಲೋ ಡಬ್ಲಿನ್ನಿನಿಂದಲೋ ಬಂದು ಸೇರಿಕೊಳ್ಳುವ ಗೆಳೆಯರಿಗೆ ಅಲ್ಲಿನ ಪರ್ಮಿಟ್ ಇದ್ದರೆ ಸಾಲದು, ಭಾರತೀಯ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕೇ ಬೇಕು. ಇದನ್ನು ಟಿಕೆಟ್ ತೆಗೆಯುವ ಮೊದಲು ಕೇಳಿ.

ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಎರಡರ ಅಸಲನ್ನೂ ಜೊತೆಗಿಟ್ಟುಕೊಳ್ಳಿ. ಫೋನಿನಲ್ಲಿರುವ ಫೋಟೊ ನಡೆಯುವುದಿಲ್ಲ. ಗಡಿಯ ಹತ್ತಿರ ಪೊಲೀಸರು ರೈಲು, ಬಸ್ಸು ಹತ್ತಿ ಕೇಳುತ್ತಾರೆ. ಮುಖ್ಯವಾಗಿ ವಾಪಸ್ ಜರ್ಮನಿಗೆ ಬರುವಾಗ. ಆರೋಗ್ಯ ವಿಮೆಯ ಕಾರ್ಡೂ ಪರ್ಸಿನಲ್ಲಿರಲಿ.

ಹೋಗುವುದು ಹೇಗೆ

ಡ್ರೆಸ್ಡೆನ್‌ನಿಂದ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ, ಬರ್ಲಿನ್ ಮತ್ತು ವಿಯೆನ್ನಾದಿಂದ ನಾಲ್ಕು ಗಂಟೆಯ ಆಸುಪಾಸು, ಮ್ಯೂನಿಕ್‌ನಿಂದ ಐದೂವರೆ, ಆರು. ಟಿಕೆಟನ್ನು ಜರ್ಮನ್ ಆ್ಯಪ್‌ನಲ್ಲಿ ಮಾತ್ರ ನೋಡಬೇಡಿ, ಚೆಕ್ ರೈಲ್ವೆಯ ಜಾಲತಾಣವನ್ನೂ ಒಮ್ಮೆ ತೆರೆಯಿರಿ. ಅದೇ ರೈಲು, ಅದೇ ಸೀಟು ಅಲ್ಲಿ ಅಗ್ಗಕ್ಕೆ ಸಿಗುವುದುಂಟು. ಸೀಟು ಕಾಯ್ದಿರಿಸುವಾಗ ಡ್ರೆಸ್ಡೆನ್ ಕಡೆಯಿಂದ ಹೋಗುವವರು ಎಡಗಡೆಯ ಕಿಟಕಿ ಹಿಡಿಯಿರಿ. ಡ್ರೆಸ್ಡೆನ್ ದಾಟಿದ ಮೇಲೆ ಎಲ್ಬೆ ನದಿ ರೈಲಿನ ಪಕ್ಕದಲ್ಲೇ ಹರಿಯುತ್ತದೆ, ಆಚೆ ದಡದಲ್ಲಿ ಮರಳುಗಲ್ಲಿನ ಬಂಡೆಗಳು ಎದ್ದು ನಿಂತಿರುತ್ತವೆ. ಬೇಸಿಗೆಯಾದರೆ ಶುಕ್ರವಾರ ಸಂಜೆಯೂ ಬೆಳಕಿರುತ್ತದೆ.

ಕಾರಿನಲ್ಲಿ ಹೋಗುವವರಿಗೆ ಎರಡೇ ಮಾತು. ಚೆಕ್ ಹೆದ್ದಾರಿಗೆ ಆನ್‌ಲೈನ್ ವಿನ್ಯೆಟ್ (ರಸ್ತೆ ಸುಂಕದ ಪರವಾನಗಿ) ತೆಗೆದುಕೊಂಡೇ ಗಡಿ ದಾಟಿ. ಇನ್ನೊಂದು, ಅಲ್ಲಿ ಚಾಲಕರಿಗೆ ಮದ್ಯದ ಮಿತಿ ಸೊನ್ನೆ. ಒಂದು ಗ್ಲಾಸ್ ಬಿಯರ್ ಕುಡಿದರೂ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಪ್ರಾಗ್‌ನಲ್ಲಿ ಪಾರ್ಕಿಂಗ್ ಹುಡುಕುವ ಗೋಳು ಬೇರೆ. ನನ್ನ ಕೇಳಿದರೆ ರೈಲೇ ಸರಿ.

ವಿಮಾನದಲ್ಲಿ ಬಂದಿಳಿಯುವ ಗೆಳೆಯರಿಗೆ 59ನೇ ನಂಬರಿನ ಟ್ರಾಲಿಬಸ್ ಹೇಳಿ. ಅದು ನಾದ್ರಾಜಿ ವೆಲೆಸ್ಲಾವೀನ್ ಎಂಬ ಮೆಟ್ರೊ ನಿಲ್ದಾಣಕ್ಕೆ ತಂದುಬಿಡುತ್ತದೆ, ಅಲ್ಲಿಂದ ಹಸಿರು ಮಾರ್ಗ ನೇರ ಹಳೇ ಪೇಟೆಗೆ.

ಎಲ್ಲಿ ಉಳಿಯುವುದು

ಹಳೇ ಪೇಟೆಯೊಳಗೇ ರೂಮು ಬೇಡ. ದುಡ್ಡೂ ಹೆಚ್ಚು, ರಾತ್ರಿ ಬೀದಿಯಲ್ಲಿ ಕುಡಿದವರ ಗಲಾಟೆಯೂ ಹೆಚ್ಚು. ಆ ಗಲಾಟೆಗೆ ರೋಸಿಹೋಗಿಯೇ 2024ರಲ್ಲಿ ನಗರಾಡಳಿತ ರಾತ್ರಿ ಹೊತ್ತು ಏಜೆನ್ಸಿಗಳು ನಡೆಸುವ ಪಬ್ ಮೆರವಣಿಗೆಗಳನ್ನು ನಿಷೇಧಿಸಿತು. ವಿನೊಹ್ರಾಡಿ, ಕಾರ್ಲೀನ್, ಹೊಲೆಶೊವಿತ್ಸೆ ಬಡಾವಣೆಗಳಲ್ಲಿ ನೋಡಿ. ಇಲ್ಲಿ ಊರಿನವರೇ ವಾಸಿಸುತ್ತಾರೆ, ಬೇಕರಿ, ಅಂಗಡಿಗಳಿವೆ, ಮೆಟ್ರೊ ಹತ್ತಿದರೆ ಹತ್ತು ನಿಮಿಷದಲ್ಲಿ ಪೇಟೆ ನಡುವೆ ಇರುತ್ತೀರಿ. ವಿನೊಹ್ರಾಡಿಯ ನಾಮೆಸ್ತಿ ಮೀರು ನಿಲ್ದಾಣದಲ್ಲಿ ಇಳಿದವರು ಅಲ್ಲಿನ ಎಸ್ಕಲೇಟರ್ ನೋಡಿಯೇ ಒಂದು ಕ್ಷಣ ನಿಲ್ಲುತ್ತಾರೆ. 87 ಮೀಟರ್ ಉದ್ದ; ಕೆಳಗಿನಿಂದ ನೋಡಿದರೆ ಮೇಲಿನ ತುದಿ ಕಾಣುವುದಿಲ್ಲ.

ಆರೆಂಟು ಜನರಿದ್ದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ. ಬೆಳಗ್ಗೆ ಕಾಫಿ, ಅವಲಕ್ಕಿ ಒಗ್ಗರಣೆ ಮುಗಿಸಿ ಹೊರಟರೆ ಮಧ್ಯಾಹ್ನದವರೆಗೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಅಪಾರ್ಟ್‌ಮೆಂಟ್‌ಗಳಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದಿಲ್ಲದಿರಬೇಕು. ಅಂತ್ಯಾಕ್ಷರಿ ಹತ್ತಕ್ಕೆ ಬಂದ್.

ದುಡ್ಡು

ಚೆಕ್‌ನಲ್ಲಿ ನಡೆಯುವುದು ಕೊರುನಾ, ಯೂರೊ ಅಲ್ಲ. ಪೇಟೆಯ ಕೆಲವು ಅಂಗಡಿಗಳು ಯೂರೊ ತೆಗೆದುಕೊಳ್ಳುತ್ತವೆ, ಆದರೆ ತಮಗೆ ಬೇಕಾದ ದರದಲ್ಲಿ. ಹೆಚ್ಚಿನ ಕಡೆ ಕಾರ್ಡ್ ನಡೆಯುತ್ತದೆ. ಶೌಚಾಲಯಕ್ಕೆ, ಸಣ್ಣ ಪಬ್‌ಗಳಿಗೆ ಎಂದು ಸ್ವಲ್ಪ ನಗದು ಇದ್ದರೆ ಸಾಕು.

ಆ ನಗದನ್ನು ತೆಗೆಯುವಾಗ ಜೋಪಾನ. ಪ್ರವಾಸಿಗರು ಓಡಾಡುವ ಬೀದಿಗಳಲ್ಲಿ ಬ್ಯಾಂಕಿಗೆ ಸೇರದ ಎಟಿಎಂಗಳು ಸಾಲಾಗಿ ನಿಂತಿವೆ. ಅವುಗಳ ಶುಲ್ಕ ಹೆಚ್ಚು. ಯಾವುದಾದರೂ ಬ್ಯಾಂಕ್ ಶಾಖೆಯ ಗೋಡೆಯಲ್ಲಿರುವ ಎಟಿಎಂ ಹುಡುಕಿ. ಪರದೆಯ ಮೇಲೆ "ನಿಮ್ಮ ಖಾತೆಯಿಂದ ಯೂರೊದಲ್ಲಿ ಕಡಿತ ಮಾಡಲೇ" ಎಂದು ನಯವಾಗಿ ಕೇಳಿದರೆ ಬೇಡ ಎನ್ನಿ. ಕೊರುನಾದಲ್ಲೇ ಎಂದು ಒತ್ತಿದರೆ ದರವನ್ನು ನಿಮ್ಮ ಬ್ಯಾಂಕು ಹಾಕುತ್ತದೆ. ಇಲ್ಲದಿದ್ದರೆ ಆ ಯಂತ್ರದವನು ಹಾಕುತ್ತಾನೆ. ಹೋಟೆಲ್‌ನಲ್ಲಿ ಕಾರ್ಡ್ ಉಜ್ಜುವಾಗಲೂ ಇದೇ ಪ್ರಶ್ನೆ ಬರುತ್ತದೆ, ಉತ್ತರವೂ ಇದೇ.

ನೋಟು ಬದಲಿಸುವ ಅಂಗಡಿಯಲ್ಲಿ ಮೋಸದ ದರಕ್ಕೆ ಸಿಕ್ಕಿಬಿದ್ದರೆ ಒಂದು ದಾರಿಯಿದೆ. 2019ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಬದಲಿಸಿದ 3 ಗಂಟೆಯೊಳಗೆ ರಸೀದಿ ಹಿಡಿದು ಹೋದರೆ ವ್ಯವಹಾರ ರದ್ದು ಮಾಡಿಸಿ ನಿಮ್ಮ ಯೂರೊ ವಾಪಸ್ ಪಡೆಯಬಹುದು. ರಸೀದಿ ಎಸೆಯಬೇಡಿ.

ಗುಂಪಿನ ಖರ್ಚನ್ನು ಒಬ್ಬರೇ ನೋಡಿಕೊಳ್ಳುವುದು ವಾಸಿ. ಸಾರಿಗೆ, ಪ್ರವೇಶ ಟಿಕೆಟ್, ಊಟ ಮೂರಕ್ಕೂ ಒಂದೇ ಕಾರ್ಡು, ಲೆಕ್ಕ ಆ್ಯಪ್‌ನಲ್ಲಿ. ಬಿಯರ್ ಬಿಲ್ ಮಾತ್ರ ಬೇರೆ ಇಡಿ. ಕುಡಿಯದವರ ತಲೆಗೆ ಕುಡಿದವರ ಬಿಲ್ಲು ಹಂಚಿ ಮುರಿದ ಸ್ನೇಹಗಳಿವೆ.

ಟ್ರಾಮು, ಮೆಟ್ರೊ, ಬಸ್ಸು ಎಲ್ಲಕ್ಕೂ ಒಂದೇ ಟಿಕೆಟ್: 30 ನಿಮಿಷದ್ದು, 90 ನಿಮಿಷದ್ದು, 24 ಗಂಟೆಯದು, 72 ಗಂಟೆಯದು. ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಓಡಾಡುವವರು 24ರ ಎರಡಕ್ಕೂ 72ರ ಒಂದಕ್ಕೂ ದರ ಹೋಲಿಸಿ ನೋಡಿ. ಕಾಗದದ ಟಿಕೆಟ್ ಆದರೆ ಮೊದಲ ಪ್ರಯಾಣದಲ್ಲೇ ಹಳದಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಇದ್ದರೂ ಇಲ್ಲದ ಹಾಗೆ; ಮಫ್ತಿಯಲ್ಲಿ ಬರುವ ತಪಾಸಣೆಯವರು ದಂಡ ಹಾಕಿಯೇ ಬಿಡುತ್ತಾರೆ.

ಶುಕ್ರವಾರ ಸಂಜೆ

ಮುಖ್ಯ ರೈಲು ನಿಲ್ದಾಣದಲ್ಲಿ ಇಳಿದ ತಕ್ಷಣ ಹೊರಗೆ ಓಡಬೇಡಿ. 1ನೇ ಪ್ಲಾಟ್‌ಫಾರ್ಮಿನಲ್ಲಿ ಕನ್ನಡಕ ಹಾಕಿದ ಗಂಡಸೊಬ್ಬ ಮಗುವನ್ನು ಎತ್ತಿಕೊಂಡು ನಿಂತ ಪ್ರತಿಮೆಯಿದೆ, ಪಕ್ಕದಲ್ಲಿ ಇನ್ನೊಂದು ಹುಡುಗಿ, ಸೂಟ್‌ಕೇಸು. ಅವರು ನಿಕೊಲಸ್ ವಿಂಟನ್, ಲಂಡನ್ನಿನ ಷೇರು ದಲ್ಲಾಳಿ. 1939ರಲ್ಲಿ ಹಿಟ್ಲರನ ಸೇನೆ ಬಂದ ಹೊತ್ತಿನಲ್ಲಿ 669 ಮಕ್ಕಳನ್ನು, ಅದರಲ್ಲಿ ಹೆಚ್ಚಿನವರು ಯಹೂದಿಯರು, ಇದೇ ನಿಲ್ದಾಣದಿಂದ ರೈಲು ಹತ್ತಿಸಿ ಬ್ರಿಟನ್‌ಗೆ ಸೇರಿಸುವ ಕೆಲಸದ ಹಿಂದೆ ಇದ್ದವರು. ಭಾನುವಾರ ಯೋಸೆಫೊವ್‌ನಲ್ಲಿ ನೋಡಲಿರುವುದಕ್ಕೆ ಇದು ಮುನ್ನುಡಿ.

ಸಾಮಾನು ಇಟ್ಟು ಸಂಜೆ ವೆನ್ಸೆಸ್ಲಾಸ್ ಚೌಕಕ್ಕೆ ಬನ್ನಿ. ಚೌಕ ಎನ್ನುತ್ತಾರೆ, ನಿಜಕ್ಕೂ ಇದು ಮುಕ್ಕಾಲು ಕಿಲೋಮೀಟರ್ ಉದ್ದದ ಅಗಲ ಬೀದಿ. ಮೇಲ್ತುದಿಯಲ್ಲಿ ಮ್ಯೂಸಿಯಂ, ಅದರ ಮುಂದೆ ಕುದುರೆಯೇರಿದ ಸಂತ ವೆನ್ಸೆಸ್ಲಾಸ್. ಊರಿನವರು ಒಬ್ಬರನ್ನೊಬ್ಬರು ಕಾಯುವುದು "ಕುದುರೆ ಹತ್ತಿರ". ನಿಮ್ಮ ಗುಂಪೂ ಅದನ್ನೇ ಗುರುತಾಗಿ ಇಟ್ಟುಕೊಳ್ಳಲಿ. ಯಾರಾದರೂ ತಪ್ಪಿಸಿಕೊಂಡು ಫೋನೂ ಸತ್ತುಹೋದರೆ ಕುದುರೆ ಹತ್ತಿರ ಬರಬೇಕು. ಈ ಮ್ಯೂಸಿಯಂ ಮುಂದೆಯೇ 1969ರ ಜನವರಿಯಲ್ಲಿ ಯಾನ್ ಪಾಲಾಖ್ ಎಂಬ ವಿದ್ಯಾರ್ಥಿ ಸೋವಿಯತ್ ಆಕ್ರಮಣವನ್ನು ವಿರೋಧಿಸಿ ಮೈಗೆ ಬೆಂಕಿ ಹಚ್ಚಿಕೊಂಡ. ಇಪ್ಪತ್ತು ವರ್ಷದ ಮೇಲೆ, 1989ರ ನವೆಂಬರಿನಲ್ಲಿ, ಇದೇ ಬೀದಿಯಲ್ಲಿ ಲಕ್ಷಾಂತರ ಜನ ಸೇರಿ ಕೈಲಿದ್ದ ಬೀಗದ ಕೈಗೊಂಚಲು ಆಡಿಸುತ್ತ ಕಮ್ಯುನಿಸ್ಟ್ ಸರ್ಕಾರಕ್ಕೆ ಹೊರಡುವ ಹೊತ್ತಾಯಿತು ಎಂದರು.

ಕೆಳಗಡೆ ಇಳಿಯುತ್ತ ಹೋದರೆ ಪೂರ್ತಿ ಗಾಜಿನ ಮುಖದ ಬಾಟಾ ಮಳಿಗೆ ಸಿಗುತ್ತದೆ, ಕಟ್ಟಡ 1929ರದ್ದು. ಶಾಲೆ ಶುರುವಾಗುವ ಮೊದಲು ಬಾಟಾ ಶೂ ಕೊಂಡು ಬೆಳೆದ ನಮಗೆ ಅದು ಕಲ್ಕತ್ತೆಯ ಕಂಪನಿ ಎಂದೇ ಭಾವನೆ. ಅದರ ಹುಟ್ಟೂರು ಈ ದೇಶದ ಜ್ಲೀನ್, ಹುಟ್ಟಿದ್ದು 1894ರಲ್ಲಿ.

ಬೇಗ ಮಲಗಿ. ಇದನ್ನು ಯಾರೂ ಕೇಳುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಶನಿವಾರ ಬೆಳಗ್ಗೆ: ಸೇತುವೆ

ಚಾರ್ಲ್ಸ್ ಸೇತುವೆಯನ್ನು ಬೆಳಗ್ಗೆ 6, 6:30ರ ಹೊತ್ತಿಗೆ ದಾಟಬೇಕು. 9ರ ಮೇಲೆ ಅಲ್ಲಿ ಕಾಣುವುದು ಜನರ ಬೆನ್ನು ಮಾತ್ರ. ಹಳೇ ಪೇಟೆಯ ಕಡೆಯಿಂದ ಹೊರಡಿ. ಸೂರ್ಯ ಬೆನ್ನಿಗಿರುತ್ತಾನೆ, ಎದುರಿನ ಗುಡ್ಡದ ಮೇಲಿನ ಕೋಟೆಗೆ ನೇರ ಬೆಳಕು ಬೀಳುತ್ತದೆ. ಗುಂಪಿನ ಫೋಟೊ ಇಲ್ಲೇ ಆಗಿಬಿಡಲಿ.

ಸೇತುವೆ 516 ಮೀಟರ್ ಉದ್ದ, ಹದಿನಾರು ಕಮಾನು, ಎರಡೂ ಬದಿ ಸೇರಿ 30 ಪ್ರತಿಮೆಗಳು. ಈಗ ನಿಂತಿರುವವುಗಳಲ್ಲಿ ಹೆಚ್ಚಿನವು ನಕಲು, ಮೂಲಗಳನ್ನು ಒಳಗೆ ಕಾಪಾಡಿದ್ದಾರೆ. ಇದಕ್ಕೆ ಶಂಕುಸ್ಥಾಪನೆಯಾದ ಮುಹೂರ್ತದ ಬಗ್ಗೆ ಇಲ್ಲಿನವರು ಹೇಳುವ ಕಥೆ ನಮಗೆ ಥಟ್ಟನೆ ಹಿಡಿಸುತ್ತದೆ. 1357ನೇ ಇಸವಿ, 9ನೇ ತಾರೀಖು, 7ನೇ ತಿಂಗಳು, ಬೆಳಗ್ಗೆ 5 ಗಂಟೆ 31 ನಿಮಿಷ. ಸಾಲಾಗಿ ಬರೆದರೆ 1-3-5-7-9-7-5-3-1: ಹೋಗುತ್ತ ಬೆಸ ಸಂಖ್ಯೆ, ಬರುತ್ತ ಬೆಸ ಸಂಖ್ಯೆ. ನಾಲ್ಕನೇ ಚಾರ್ಲ್ಸ್ ದೊರೆಗೆ ಜೋಯಿಸರು ಇಟ್ಟುಕೊಟ್ಟ ಗಳಿಗೆ ಎಂದು ನಂಬಿಕೆ.

ಅರ್ಧದಾರಿ ದಾಟಿದ ಮೇಲೆ ಬಲಗಡೆ, ತಲೆಯ ಸುತ್ತ ಐದು ನಕ್ಷತ್ರಗಳಿರುವ ನೆಪೊಮುಕ್‌ನ ಸಂತ ಯಾನ್ ಸಿಗುತ್ತಾರೆ. ಈ ಪ್ರತಿಮೆ 1683ರದ್ದು. ಕೆಳಗಿನ ಕಂಚಿನ ಫಲಕದ ಒಂದು ಭಾಗ ಜನ ಮುಟ್ಟಿ ಮುಟ್ಟಿ ಬಂಗಾರದ ಹಾಗೆ ಹೊಳೆಯುತ್ತದೆ, ಉಳಿದದ್ದು ಕಪ್ಪಾಗಿದೆ. ಆರು ಗಂಟೆಗೆ ಹೋದವರಿಗೆ ಮುಟ್ಟಲು ಸರದಿ ಕಾಯಬೇಕಿಲ್ಲ.

ಕೋಟೆಗೆ ಮೇಲಿನಿಂದ ಇಳಿಯಿರಿ

ಸೇತುವೆ ದಾಟಿದವರೆಲ್ಲ ಏದುಸಿರು ಬಿಡುತ್ತ ಗುಡ್ಡ ಹತ್ತುತ್ತಾರೆ. ನೀವು ಕೋಟೆ ಗುಡ್ಡದ ಬುಡದ ಮಾಲಾ ಸ್ಟ್ರಾನಾ ಬಡಾವಣೆಯ ಚೌಕದಲ್ಲಿ 22ನೇ ನಂಬರಿನ ಟ್ರಾಮ್ ಹತ್ತಿ, "ಪ್ರಾಗ್ ಕೋಟೆ" ಎಂದು ಕೂಗಿದ ನಿಲ್ದಾಣದಲ್ಲಿ ಇಳಿಯದೆ, ಇನ್ನೂ ಮುಂದೆ ಪೊಹೊರ್ಜೆಲೆತ್ಸ್‌ನಲ್ಲಿ ಇಳಿಯಿರಿ. ಆಮೇಲೆ ದಿನವಿಡೀ ಇಳಿಜಾರೇ. ಈ ಟ್ರಾಮ್‌ನಲ್ಲಿ ಜೇಬುಗಳ್ಳರ ಕಾಟವಿದೆ. ಬ್ಯಾಗು ಎದೆಯ ಮೇಲಿರಲಿ, ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ.

ಇಳಿದ ಹತ್ತಿರವೇ ಸ್ಟ್ರಾಹೊವ್ ಮಠ. ಅದರ ಅಂಗಳದ ಆಚೆ ಬದಿಗೆ ಹೋದರೆ ಇಡೀ ಊರು ಕೆಂಪು ಹೆಂಚುಗಳ ಸಮೇತ ಕಾಲ ಕೆಳಗೆ. ಅಲ್ಲಿಂದ ಲೊರೆಟಾ ಚರ್ಚಿನ ಮುಂದೆ ಹಾದು ಬನ್ನಿ. ತಾಸಿಗೊಮ್ಮೆ 27 ಗಂಟೆಗಳು ಸೇರಿ ಒಂದು ಭಜನೆಯ ಧಾಟಿ ನುಡಿಸುತ್ತವೆ. 9ಕ್ಕೆ ಕೋಟೆಯ ಒಳಗಿನ ಕಟ್ಟಡಗಳು ತೆರೆಯುತ್ತವೆ, ಅಷ್ಟೊತ್ತಿಗೆ ಬಾಗಿಲಲ್ಲಿರಿ. ಅಂಗಳಗಳಿಗೆ ಟಿಕೆಟ್ ಇಲ್ಲ, ಭದ್ರತಾ ತಪಾಸಣೆ ಮಾತ್ರ. ಒಳಗಿನ ಮುಖ್ಯ ಟಿಕೆಟ್‌ನಲ್ಲಿ ಕೆಥೆಡ್ರಲ್, ಹಳೆಯ ಅರಮನೆ, ಸೇಂಟ್ ಜಾರ್ಜ್ ಬೆಸಿಲಿಕಾ, ಗೋಲ್ಡನ್ ಲೇನ್ ಸೇರಿವೆ.

ಮೊದಲು ಕೆಥೆಡ್ರಲ್. 10ರ ಮೇಲೆ ಅದರ ಸಾಲು ಅಂಗಳವನ್ನೇ ಸುತ್ತುತ್ತದೆ. ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ನಡುವೆ ಯುದ್ಧ, ದುಡ್ಡಿನ ಅಭಾವ, ಶತಮಾನಗಳ ಮೌನ. ಹಾಗಾಗಿ ಒಳಗೆ ಹೊಕ್ಕಾಗ ಮೊದಲು ಸಿಗುವ ಭಾಗ ಹೊಸದು, ಒಳಗೆ ಹೋದಷ್ಟೂ ಹಳತು. ಎಡಗಡೆಯ ಮೂರನೇ ಚಾಪೆಲ್‌ನ ಬಣ್ಣದ ಗಾಜು ಚೆಕ್ ಕಲಾವಿದ ಅಲ್ಫೋನ್ಸ್ ಮುಖಾ ಬಿಡಿಸಿದ ಚಿತ್ರ. ಮಿಕ್ಕ ಕಿಟಕಿಗಳಿಗಿಂತ ಅದರ ಗೆರೆಯೇ ಬೇರೆ, ಹುಡುಕಬೇಕಾಗಿಲ್ಲ.

ಹಳೆಯ ಅರಮನೆಯಲ್ಲಿ ಜನ ದೊಡ್ಡ ಹಜಾರ ನೋಡಿ ಹೊರಟುಬಿಡುತ್ತಾರೆ. ಪಕ್ಕದ ಕಚೇರಿ ಕೋಣೆಗೂ ಹೋಗಿ, ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿ. 1618ರ ಮೇ 23ರಂದು ಪ್ರಾಟೆಸ್ಟಂಟ್ ಮುಖಂಡರು ದೊರೆಯ ಕಡೆಯ ಇಬ್ಬರು ಅಧಿಕಾರಿಗಳನ್ನೂ ಒಬ್ಬ ಕಾರ್ಯದರ್ಶಿಯನ್ನೂ ಇಲ್ಲಿಂದ ಎತ್ತಿ ಆಚೆಗೆ ಎಸೆದರು. ಮೂವರೂ ಬದುಕಿಕೊಂಡರು. ದೇವದೂತರು ಹಿಡಿದುಕೊಂಡರು ಎಂದು ಕೆಥೊಲಿಕರು, ತಿಪ್ಪೆಯ ಮೇಲೆ ಬಿದ್ದರು ಎಂದು ಪ್ರಾಟೆಸ್ಟಂಟರು. ಇಲ್ಲಿ ಹೊತ್ತಿದ ಕಿಡಿ ಮೂವತ್ತು ವರ್ಷ ಯೂರೋಪನ್ನು ಸುಟ್ಟಿತು.

ಗೋಲ್ಡನ್ ಲೇನ್ ಸಾಲುಮನೆಗಳ ಚಿಕ್ಕ ಗಲ್ಲಿ. 22ನೇ ನಂಬರಿನ ನೀಲಿ ಮನೆಯಲ್ಲಿ ಲೇಖಕ ಕಾಫ್ಕಾ 1916-17ರಲ್ಲಿ ಸಂಜೆ ಕೂತು ಬರೆಯುತ್ತಿದ್ದರು, ಬಾಡಿಗೆ ಹಿಡಿದದ್ದು ತಂಗಿ. ಇದರ ಬಗ್ಗೆ ಇಷ್ಟು ಸಾಕು. ಗಲ್ಲಿಗಿಂತ ಅದರ ಹೆಸರು ದೊಡ್ಡದು.

ಇಳಿಯುವುದಕ್ಕೆ ನೆರುದೋವಾ ಬೀದಿ ಹಿಡಿಯಿರಿ. ಇಲ್ಲಿ ಮನೆಗಳ ಬಾಗಿಲ ಮೇಲೆ ಎರಡು ಸೂರ್ಯರು, ಮೂರು ಪಿಟೀಲು, ಕೆಂಪು ಕುರಿಮರಿ ಹೀಗೆ ಉಬ್ಬುಚಿತ್ರಗಳಿವೆ. 1770ರಲ್ಲಿ ಮರಿಯಾ ತೆರೇಸಾ ಕಾಲದಲ್ಲಿ ಮನೆಗಳಿಗೆ ನಂಬರು ಬರುವ ತನಕ ಇವೇ ವಿಳಾಸ. ಯಾರು ಹೆಚ್ಚು ಚಿತ್ರ ಕಂಡುಹಿಡಿಯುತ್ತಾರೆ ಎಂದು ಪಂದ್ಯ ಕಟ್ಟಿಕೊಂಡರೆ ಇಳಿದದ್ದೇ ಗೊತ್ತಾಗುವುದಿಲ್ಲ.

ಮಧ್ಯಾಹ್ನ ಊಟದ ನಂತರ ಗುಂಪು ಒಡೆಯಲಿ. ಎಂಟು ಜನ ಎರಡು ದಿನ ಪೂರ್ತಿ ಒಂದೇ ಹಗ್ಗದಲ್ಲಿ ಕಟ್ಟಿಕೊಂಡು ತಿರುಗುವುದು ಹಿಂಸೆ. ಕಾಂಪಾ ದ್ವೀಪದ ಹುಲ್ಲಿನ ಮೇಲೆ ಮಲಗುವವರು ಮಲಗಲಿ, ಗಾಯಕ ಜಾನ್ ಲೆನನ್ ಹೆಸರಿನ ಬಣ್ಣಬಣ್ಣದ ಗೋಡೆಯ ಮುಂದೆ ರೀಲ್ಸ್ ಮಾಡುವವರು ಮಾಡಲಿ, ಚರಿತ್ರೆಯ ಹುಚ್ಚಿನವರು ಮೆಟ್ರೊದ ಕೆಂಪು ಮಾರ್ಗದಲ್ಲಿ ವಿಶೆಹ್ರಾಡ್‌ಗೆ ಹೋಗಿ ಸಂಗೀತಗಾರ ದ್ವೊರ್ಝಾಕ್ ಮತ್ತು ಸ್ಮೆತಾನಾರ ಸಮಾಧಿ ನೋಡಲಿ. ಅಲ್ಲಿಗೆ ಪ್ರವಾಸಿಗರು ಕಡಿಮೆ. ಸಂಜೆ 7ಕ್ಕೆ ಕುದುರೆ ಹತ್ತಿರ.

ಊಟ, ಸಸ್ಯಾಹಾರಿಗಳ ಪಾಡು

ಶನಿವಾರ ರಾತ್ರಿ ಎಂಟು ಜನರಿಗೆ ಟೇಬಲ್ ಮೊದಲೇ ಕಾಯ್ದಿರಿಸದಿದ್ದರೆ ಸಿಗುವುದಿಲ್ಲ. ಖಾಲಿ ಕಂಡ ಟೇಬಲ್ ಮೇಲೆಲ್ಲ "ರೆಜೆರ್ವೆ" ಎಂಬ ಫಲಕ ಇರುತ್ತದೆ. ವಾರದ ಮೊದಲೇ ಬುಕ್ ಮಾಡಿ.

ಚೆಕ್ ಅಡುಗೆ ಮಾಂಸದ ಅಡುಗೆ. ಸ್ವೀಚ್ಕೊವಾ ಎಂದರೆ ಕೆನೆ ಹಾಕಿದ ತರಕಾರಿ ಗೊಜ್ಜಿನಲ್ಲಿ ಗೋಮಾಂಸ. ಗುಲಾಶ್ ಸಾಮಾನ್ಯವಾಗಿ ಗೋಮಾಂಸ. ವೆಪ್ರೊ-ಕ್ನೆಡ್ಲೊ-ಜೆಲೊ ಹಂದಿಮಾಂಸ, ಕಡುಬಿನಂಥ ಕ್ನೆಡ್ಲಿಕ್, ಎಲೆಕೋಸು. ತಿನ್ನುವವರಿಗೆ ಹಬ್ಬ. ತಿನ್ನದವರು "ಬೆಸ್ ಮಾಸಾ", ಅಂದರೆ ಮಾಂಸವಿಲ್ಲದ್ದು, ಎಂದು ಕೇಳುವುದನ್ನು ಕಲಿತುಕೊಳ್ಳಿ. ಆಲೂಗಡ್ಡೆ ಸೂಪಿನಲ್ಲೂ ಹಂದಿಮಾಂಸದ ಚೂರು ಇರಬಹುದು, ಮಾಂಸದ ಸಾರು ಇರಬಹುದು, ಕೇಳಿಯೇ ತರಿಸಿ. ಎಲ್ಲ ಕಡೆ ಸಿಗುವ ಆಪದ್ಬಾಂಧವ ಸ್ಮಾಜೆನೀ ಸೀರ್: ಗಟ್ಟಿ ಚೀಸ್ ತುಂಡನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು, ಜೊತೆಗೆ ಆಲೂಗಡ್ಡೆ, ಟಾರ್ಟಾರ್ ಸಾಸ್. ಒಂದು ಹೊತ್ತಿಗೆ ಚೆನ್ನ, ಎರಡನೇ ಹೊತ್ತಿಗೆ ಹೊಟ್ಟೆ ಭಾರ. ಬ್ರಾಂಬೊರಾಕ್ ಎಂಬ ಆಲೂಗಡ್ಡೆ ದೋಸೆ ನಮ್ಮ ನಾಲಿಗೆಗೆ ಹೆಚ್ಚು ಹತ್ತಿರ, ಬೆಳ್ಳುಳ್ಳಿ ಘಮ್ಮೆನ್ನುತ್ತದೆ. ಮೊಟ್ಟೆ, ಮೈದಾ ಇರುತ್ತದೆ. ಹಣ್ಣು ತುಂಬಿದ ಸಿಹಿ ಕ್ನೆಡ್ಲಿಕ್ ಸಿಕ್ಕರೆ ಬಿಡಬೇಡಿ. ಇಲ್ಲಿ ಅದನ್ನು ಊಟವಾಗಿಯೇ ತಿನ್ನುತ್ತಾರೆ.

ಬೀದಿಬೀದಿಯಲ್ಲಿ ಕೊಳವೆಯಾಕಾರದ ಬ್ರೆಡ್ಡನ್ನು ಸಕ್ಕರೆಯಲ್ಲಿ ಹೊರಳಿಸಿ "ಹಳೆಯ ಬೊಹೀಮಿಯಾದ ಸಾಂಪ್ರದಾಯಿಕ ತಿನಿಸು" ಎಂದು ಮಾರುವ ತ್ರ್ದೆಲ್ನಿಕ್ ಇದೆ. ಪ್ರವಾಸಿಗರಿಗಾಗಿ ಬಂದ ಸಂಪ್ರದಾಯ ಅದು. ಬಿಸಿ ಇದ್ದಾಗ ರುಚಿಯೇನೋ ಇರುತ್ತದೆ.

ಪಬ್‌ಗಳಲ್ಲಿ ಮಾಣಿ ಟೇಬಲ್ ಮೇಲೆ ಚೀಟಿಯೊಂದನ್ನು ಇಟ್ಟು ಪ್ರತಿ ಗ್ಲಾಸಿಗೂ ಒಂದೊಂದು ಗೀಟು ಎಳೆಯುತ್ತಾನೆ. ಆ ಚೀಟಿಯೇ ಬಿಲ್, ಅದನ್ನು ಕಳೆಯಬೇಡಿ, ಅದರ ಮೇಲೆ ಏನೂ ಗೀಚಬೇಡಿ. ಗ್ಲಾಸು ಖಾಲಿಯಾದರೆ ಕೇಳದೆಯೇ ಇನ್ನೊಂದು ಬರುವ ಕಡೆಗಳಿವೆ. ಸಾಕಾದಾಗ ಗ್ಲಾಸಿನ ಕೆಳಗಿನ ರಟ್ಟನ್ನು ತೆಗೆದು ಮೇಲೆ ಮುಚ್ಚಿ. ಕುಡಿಯದವರಿಗೆ ಕೊಫೊಲಾ ಇದೆ, ಕಮ್ಯುನಿಸ್ಟ್ ಕಾಲದಲ್ಲಿ ಕೋಲಾಕ್ಕೆ ಬದಲಿಯಾಗಿ ಹುಟ್ಟಿದ ಗಿಡಮೂಲಿಕೆ ವಾಸನೆಯ ಪಾನೀಯ. ನೀರು ಪುಕ್ಕಟೆಯಲ್ಲ. ಟಿಪ್ಸ್ ಹತ್ತು ಪರ್ಸೆಂಟಿನ ಆಸುಪಾಸು.

ಭಾನುವಾರ: ಯೋಸೆಫೊವ್

ಯಹೂದಿ ಮ್ಯೂಸಿಯಂ 9ಕ್ಕೆ ತೆರೆಯುತ್ತದೆ. ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದುಕೊಂಡು ನೇರ ಪಿಂಕಾಸ್ ಸಿನಗಾಗ್‌ಗೆ ಹೋಗಿ, ಜನ ತುಂಬುವ ಮೊದಲು. ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಟೋಪಿ ಇದ್ದರೆ ಆದೀತು. ಒಳಗೆ ವಿಗ್ರಹವಿಲ್ಲ, ಅಲಂಕಾರವಿಲ್ಲ, ಗೋಡೆಯ ತುಂಬ ಹೆಸರುಗಳು. ನಾಜಿಗಳು ಕೊಂದ, ಈ ದೇಶದ ಬೊಹೀಮಿಯಾ, ಮೊರಾವಿಯಾ ಪ್ರಾಂತಗಳ ಯಹೂದಿಯರು, 80,000ದ ಹತ್ತಿರ ಜನ. ಮನೆತನದ ಹೆಸರು ಕೆಂಪು ಅಕ್ಷರದಲ್ಲಿ, ಆಮೇಲೆ ಒಬ್ಬೊಬ್ಬರದೇ ಹೆಸರು, ದಿನಾಂಕ. ಒಂದೇ ಮನೆಯವರು ಒಂದೇ ಸಾಲಿನಲ್ಲಿ. ಮಹಡಿಯ ಮೇಲೆ ನಾಜಿಗಳ ಟೆರೆಜಿನ್ ಶಿಬಿರದಲ್ಲಿ ಸೆರೆಯಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಗುಂಪಿನಲ್ಲಿ ಎಷ್ಟೇ ತಮಾಷೆಯವರಿದ್ದರೂ ಇಲ್ಲಿ ಫೋನು ಒಳಗಿಡಲಿ.

ಪಕ್ಕದ ಸ್ಮಶಾನಕ್ಕೆ ಇಲ್ಲಿಂದಲೇ ದಾರಿ. 1439ರ ಕಲ್ಲು ಎಲ್ಲಕ್ಕಿಂತ ಹಳೆಯದು, 1787ರ ನಂತರ ಯಾರನ್ನೂ ಹೂಳಿಲ್ಲ. ಕೇರಿಯವರಿಗೆ ಬೇರೆ ಜಾಗ ಕೊಡದ ಕಾರಣ ಹಳೆಯ ಗೋರಿಗಳ ಮೇಲೇ ಮಣ್ಣು ಏರಿಸಿ ಹೂಳಬೇಕಾಯಿತು. ಹಾಗೆ ಮೇಲೆ ಬಂದ ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಮಣ್ಣಿನಿಂದ ಗೊಲೆಮ್ ಎಂಬ ಮನುಷ್ಯಾಕೃತಿ ಮಾಡಿ ಜೀವ ತುಂಬಿದರು ಎಂಬ ಐತಿಹ್ಯದ ರಬ್ಬಿ ಲೋವ್ ಅವರ ಗೋರಿಯ ಮೇಲೆ ಬೆಣಚುಕಲ್ಲುಗಳಿರುತ್ತವೆ, ಹರಕೆ ಚೀಟಿಗಳಿರುತ್ತವೆ.

ಗಡಿಯಾರವನ್ನು ಓದುವುದು

ಇಲ್ಲಿಂದ ಹಳೇ ಪೇಟೆ ಚೌಕ ಐದು ನಿಮಿಷ. ಗಂಟೆ ಹೊಡೆಯುವ ಹೊತ್ತಿಗೆ ಖಗೋಳ ಗಡಿಯಾರದ ಮುಂದೆ ಕಿಕ್ಕಿರಿದು ನಿಲ್ಲುವ ಜನ ನೋಡುವುದು ಇಷ್ಟು: ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಮೇಲಿನ ಎರಡು ಕಿಟಕಿಗಳಲ್ಲಿ ಕ್ರಿಸ್ತನ ಶಿಷ್ಯರು ಸುತ್ತಿಹೋಗುತ್ತಾರೆ, ಕೋಳಿ ಕೂಗುತ್ತದೆ. ಒಂದು ನಿಮಿಷವೂ ಇಲ್ಲ. "ಇಷ್ಟೇನಾ" ಎಂದು ಮೂಗು ಮುರಿದು ಹೊರಡುತ್ತಾರೆ. ಅಷ್ಟರಲ್ಲಿ ಕೆಲವರ ಪರ್ಸೂ ಹೋಗಿರುತ್ತದೆ.

ನೋಡಬೇಕಾದದ್ದು ಬೊಂಬೆಗಳನ್ನಲ್ಲ, ಮುಖಫಲಕವನ್ನು; ಅದೂ ಗಂಟೆ ಹೊಡೆದು ಜನ ಚದುರಿದ ಮೇಲೆ. 1410ರಲ್ಲಿ ಕಟ್ಟಿದ ಈ ಯಂತ್ರ ಗೋಡೆಗೆ ತೂಗುಹಾಕಿದ ತಿರುಗುವ ಪಂಚಾಂಗ. ನಮ್ಮವರಿಗೆ ಇದನ್ನು ಓದುವುದು ಉಳಿದ ಪ್ರವಾಸಿಗರಿಗಿಂತ ಸುಲಭ. ಮುಳ್ಳಿನ ಮೇಲಿನ ಬಂಗಾರದ ಸೂರ್ಯನನ್ನು ಗುರುತಿಸಿ. ನೀಲಿ ಭಾಗದಲ್ಲಿದ್ದರೆ ಹಗಲು, ಕಪ್ಪು ಭಾಗದಲ್ಲಿದ್ದರೆ ರಾತ್ರಿ, ನಡುವಿನ ಕೇಸರಿ ಪಟ್ಟಿಯಲ್ಲಿದ್ದರೆ ಸಂಧ್ಯಾಕಾಲ. ಬದಿಗೆ ಸರಿದು ತಿರುಗುವ ಸಣ್ಣ ಉಂಗುರ ರಾಶಿಚಕ್ರ. ಸೂರ್ಯ ಅದರ ಯಾವ ಗುರುತಿನ ಮೇಲಿದ್ದಾನೋ ಅದೇ ಆ ತಿಂಗಳ ರಾಶಿ. ನಮ್ಮ ಪಂಚಾಂಗಕ್ಕೆ ಹೋಲಿಸಿದರೆ ಸುಮಾರು ಇಪ್ಪತ್ನಾಲ್ಕು ದಿನ ಮುಂದಿರುತ್ತದೆ. ನಮ್ಮಲ್ಲಿ ಸೂರ್ಯ ಮೇಷಕ್ಕೆ ಬರುವುದು ಏಪ್ರಿಲ್ 14ರ ಹೊತ್ತಿಗೆ, ಇಲ್ಲಿ ಮಾರ್ಚ್ 21ರ ಹೊತ್ತಿಗೆ. ಅವರದು ವಿಷುವದಿಂದ ಎಣಿಸುವ ಸಾಯನ ಪದ್ಧತಿ, ನಮ್ಮದು ನಕ್ಷತ್ರಗಳಿಂದ ಎಣಿಸುವ ನಿರಯನ. ಇನ್ನೊಂದು ಮುಳ್ಳಿನ ತುದಿಯಲ್ಲಿ ಅರ್ಧ ಬೆಳ್ಳಿ, ಅರ್ಧ ಕಪ್ಪು ಬಣ್ಣದ ಗುಂಡು ಚಂದ್ರ. ಅದು ತನ್ನಷ್ಟಕ್ಕೆ ತಿರುಗುತ್ತ ಶುಕ್ಲಪಕ್ಷವೋ ಕೃಷ್ಣಪಕ್ಷವೋ ತೋರಿಸುತ್ತದೆ. ಎಲ್ಲಕ್ಕೂ ಹೊರಗಿನ ಉಂಗುರದಲ್ಲಿ ಹಳೆಯ ಲಿಪಿಯ 24 ಅಂಕಿಗಳಿವೆ. ಅದು ಹಳೆಯ ಚೆಕ್ ಕಾಲಮಾನ, ದಿನದ ಲೆಕ್ಕ ಸೂರ್ಯಾಸ್ತದಿಂದ ಶುರು. ಸೂರ್ಯಾಸ್ತ ದಿನಕ್ಕೊಂದು ಹೊತ್ತಿಗೆ ಆಗುವುದರಿಂದ ಈ ಉಂಗುರವೂ ವರ್ಷವಿಡೀ ಹಿಂದೆ ಮುಂದೆ ಸರಿಯುತ್ತದೆ.

ಹಾಗೇ ಬಲಕ್ಕೆ ತಿರುಗಿ ಪುರಭವನದ ಗೋಡೆಯ ಹತ್ತಿರ ನೆಲ ನೋಡಿ. ಕಲ್ಲುಹಾಸಿನಲ್ಲಿ ಬಿಳಿಯ 27 ಶಿಲುಬೆಗಳು. 1621ರ ಜೂನ್ 21ರಂದು ದಂಗೆಯೆದ್ದ 27 ಮುಖಂಡರನ್ನು ಕೊಂದದ್ದು ಇಲ್ಲಿ. ಕಿಟಕಿಯಿಂದ ಎಸೆದ ಕಥೆಯ ಮುಂದಿನ ಭಾಗ ಇದು. ದಿನಾ ಸಾವಿರಾರು ಜನ ಅವುಗಳ ಮೇಲೆ ನಿಂತು ಗಡಿಯಾರದ ಫೋಟೊ ತೆಗೆಯುತ್ತಾರೆ.

ಮಧ್ಯಾಹ್ನ: ಲೆಟ್ನಾ, ಜಾವಾ, ರೈಲು

ಪಾರೀಜ್ಸ್ಕಾ ಬೀದಿಯಲ್ಲಿ ನೇರ ನಡೆದು ಸೇತುವೆ ದಾಟಿ, ಮೆಟ್ಟಿಲು ಹತ್ತಿದರೆ ಲೆಟ್ನಾ ಗುಡ್ಡ. ಮೇಲೆ ದೊಡ್ಡ ಮೆಟ್ರೊನೋಮ್, ಅಂದರೆ ಸಂಗೀತದಲ್ಲಿ ಲಯ ಹಿಡಿಯುವ ಯಂತ್ರ, ಅತ್ತಿಂದಿತ್ತ ಆಡುತ್ತಿರುತ್ತದೆ. 1962ರವರೆಗೆ ಆ ಜಾಗದಲ್ಲಿ ಸ್ಟಾಲಿನ್‌ನ ಬೃಹತ್ ಪ್ರತಿಮೆಯಿತ್ತು. ಅಲ್ಲಿಂದ ನದಿಯ ಸೇತುವೆಗಳು ಒಂದರ ಹಿಂದೊಂದು ಕಾಣುತ್ತವೆ. ಮರದ ಕೆಳಗೆ ಬಿಯರ್ ಗಾರ್ಡನ್ ಇದೆ, ಕಾಲು ಚಾಚಿ ಕೂರಬಹುದು.

ಮಳೆ ಬಂದರೆ, ಅಥವಾ ಗುಂಪಿನಲ್ಲಿ ಮೈಸೂರಿನವರಿದ್ದರೆ, ಪಕ್ಕದಲ್ಲೇ ಇರುವ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಂಗೆ ಹೋಗಿ. ಸಾರಿಗೆ ವಿಭಾಗದ ಹಜಾರದಲ್ಲಿ ಉಗಿಬಂಡಿ, ಹಳೆಯ ಕಾರು, ಮೋಟಾರ್ ಸೈಕಲ್‌ಗಳು, ಮೇಲೆ ತೂಗುಬಿಟ್ಟ ವಿಮಾನಗಳು. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಇದೇ ಊರಿನಲ್ಲಿ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ಪರವಾನಗಿ ಕೊಂಡು, ಎರಡೂ ಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರ (JA, WA) ಸೇರಿಸಿ ಜಾವಾ ಶುರು ಮಾಡಿದರು. 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದೇ ಗಾಡಿ ತಯಾರಾಗತೊಡಗಿತು, ಆಮೇಲೆ ಯೆಜ್ಡಿ ಎಂದಾಯಿತು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಚಿಕ್ಕಪ್ಪನ ಯೆಜ್ಡಿಯ ಟ್ಯಾಂಕ್ ಮೇಲೆ ಕೂತು ಬೆಳೆದವರನ್ನು ಇಲ್ಲಿಂದ ಹೊರಗೆ ಎಳೆದು ತರುವುದಕ್ಕೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಡ್ರೆಸ್ಡೆನ್, ಬರ್ಲಿನ್ ಕಡೆಗೆ ಹೋಗುವ ರೈಲುಗಳಲ್ಲಿ ಹಲವು ಹೊಲೆಶೊವಿತ್ಸೆ ನಿಲ್ದಾಣದಲ್ಲೂ ನಿಲ್ಲುತ್ತವೆ. ಲೆಟ್ನಾದಿಂದ ಅದು ಹತ್ತಿರ, ಮುಖ್ಯ ನಿಲ್ದಾಣಕ್ಕೆ ತಿರುಗಿ ಹೋಗಬೇಕಿಲ್ಲ. ಟಿಕೆಟ್ ನೋಡಿಕೊಂಡು ಬೆಳಗ್ಗೆಯೇ ಲಗೇಜನ್ನು ಯಾವ ನಿಲ್ದಾಣದ ಲಾಕರಿನಲ್ಲಿಡಬೇಕು ಎಂದು ತೀರ್ಮಾನಿಸಿ. ಉಳಿದ ಕೊರುನಾ ಚಿಲ್ಲರೆಯನ್ನು ಜರ್ಮನಿಯಲ್ಲಿ ಯಾರೂ ಬದಲಿಸಿಕೊಡುವುದಿಲ್ಲ. ನಿಲ್ದಾಣದ ಅಂಗಡಿಯಲ್ಲಿ ನೀರು, ಬಿಸ್ಕತ್ತು ಕೊಂಡು ಮುಗಿಸಿ. ಸೀಟಿನಲ್ಲಿ ಕೂತ ಮೇಲೆ ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗಿಟ್ಟುಕೊಂಡು, ಗಡಿ ಬರುವ ಮೊದಲೇ ಗುಂಪಿನ ಲೆಕ್ಕ ಚುಕ್ತಾ ಮಾಡಿಬಿಡಿ. ಸೋಮವಾರ ಆಫೀಸು ಶುರುವಾದ ಮೇಲೆ ಯಾರೂ ಫೋನ್ ಎತ್ತುವುದಿಲ್ಲ.